ರೋಬೋಟಿನ ಲಾಗ್ ಪೊಲೀಸರಿಗೆ ಕೊಡಿ

ಇಂದ: ಮಾಲೀಕರು, ಬಿಡಿಭಾಗ ತಯಾರಿಕಾ ಘಟಕ, ವಸಂತನರಸಾಪುರ ಕೈಗಾರಿಕಾ ಪ್ರದೇಶ, ತುಮಕೂರು

ಗೆ: ಸರ್ವೀಸ್ ವಿಭಾಗದ ಮುಖ್ಯಸ್ಥರು, ನಮಗೆ ರೋಬೋಟ್ ಪೂರೈಸಿದ ಕಂಪನಿ

ವಿಷಯ: ರೋಬೋಟಿನ ಲಾಗ್ (ಯಂತ್ರ ತಾನೇ ಬರೆದಿಟ್ಟುಕೊಳ್ಳುವ ದಾಖಲೆ) ಕೊಡದೆ ಪೊಲೀಸ್ ತನಿಖೆಗೆ ಸಹಕರಿಸದಿರುವುದು ಮತ್ತು ನಮ್ಮ ಕೆಲಸಗಾರನ ಮೇಲೆ ತಪ್ಪು ಹೊರಿಸಿರುವುದು

ಮಾನ್ಯರೇ,

ನಿಮ್ಮ ಮೇಲ್ ಬಂತು. 'ಆಪರೇಟರ್ ತಪ್ಪು' ಅಂತ ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡಿದ್ದೀರಿ. ಆ ಆಪರೇಟರ್ ಭುಜದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾನೆ. ಅವನು ಹೇಗಿದ್ದಾನೆ ಅಂತ ಒಂದು ಮಾತೂ ನಿಮ್ಮ ಮೇಲ್‌ನಲ್ಲಿಲ್ಲ.

ನಡೆದದ್ದು ಇಷ್ಟು. ರಾತ್ರಿ ಪಾಳಿಯಲ್ಲಿ ಲೋಹದ ಶೀಟ್ ಒತ್ತುವ ಪ್ರೆಸ್‌ನೊಳಗೆ ಶೀಟ್ ಸಿಕ್ಕಿಕೊಂಡಿತು. ಆಪರೇಟರ್ ಹುಡುಗ ರೋಬೋಟ್ ಸುತ್ತಲಿನ ಬೇಲಿಯ ಗೇಟ್ ತೆಗೆದ. ರೋಬೋಟ್ ನಿಂತಿತು, ನಿಲ್ಲಲೇಬೇಕು. ಅವನು ಒಳಗೆ ಹೋಗಿ ಬಗ್ಗಿದ ಮೇಲೆ, ಗೇಟ್ ತೆರೆದೇ ಇರುವಾಗ, ತೋಳು ತಾನಾಗಿ ಎದ್ದು ತಿರುಗಿತು. ಜೊತೆಗಿದ್ದವನು ಓಡಿಬಂದು ಎಮರ್ಜೆನ್ಸಿ ಸ್ಟಾಪ್ ಗುದ್ದಿದ್ದರಿಂದ ಜೀವ ಉಳಿಯಿತು. ಅದೇ ರಾತ್ರಿ ಹಿಂದಿನ ರಸ್ತೆಯ ಶೆಡ್ಡಿನಲ್ಲಿ ನಿಮ್ಮದೇ ಮಾಡೆಲ್ ತುಂಬಿದ ಪ್ಯಾಲೆಟ್ಟನ್ನು ಗಾಳಿಯಲ್ಲೇ ಕೈಬಿಟ್ಟಿದೆ. ಎರಡಕ್ಕೂ ಆ ಸಂಜೆ ನಿಮ್ಮ ಸರ್ವರ್‌ನಿಂದ ಅಪ್‌ಡೇಟ್ ಬಂದಿತ್ತು. ಹಾಗಾಗಿ ಪೊಲೀಸರು ಇದನ್ನು ಬರೀ ಅಪಘಾತ ಅಂತ ಬಿಡುತ್ತಿಲ್ಲ.

ಮಹಜರಿಗೆ ಬಂದ ಎಸ್‌ಐ ಮೊದಲು ಕೇಳಿದ್ದು, "ಆಗ ಇದನ್ನ ಓಡಿಸ್ತಿದ್ದೋರು ಯಾರು?" ನಮ್ಮ ಹುಡುಗರು ಮುಖ ಮುಖ ನೋಡಿಕೊಂಡರು. ಆದರೆ ಎಸ್‌ಐ ಕೆಲಸ ಅಚ್ಚುಕಟ್ಟಾಗಿ ಮಾಡಿದರು, ಅದನ್ನು ಹೇಳಲೇಬೇಕು. ತೋಳು ನಿಂತ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿಸಿದರು. ಪೆಂಡೆಂಟ್ (ರೋಬೋಟ್ ನಡೆಸಲು ಕೈಯಲ್ಲಿ ಹಿಡಿಯುವ ಪೆಟ್ಟಿಗೆ) ಪರದೆ ಮೇಲಿದ್ದ ಆರೂ ಕೀಲುಗಳ ಕೋನವನ್ನು ದಶಾಂಶ ಸಮೇತ ಮಹಜರಿನಲ್ಲಿ ಬರೆಸಿದರು. ಆಮೇಲೆ ಪ್ಯಾನಲ್ ಆಫ್ ಮಾಡಿಸಿ ಸೀಲ್ ಹಾಕಿದರು. ಮತ್ತೆ ಓಡಿಸಿದರೆ ಹೊಸ ದಾಖಲೆ ಹಳೆಯದರ ಮೇಲೆ ಕೂತುಬಿಡುತ್ತದೆ, ಅಲ್ವಾ?

ಈಗ ನಿಮ್ಮ ವಾದಕ್ಕೆ ಬರೋಣ. ಹುಡುಗ ಟೀಚ್ ಮೋಡ್‌ಗೆ, ಅಂದರೆ ಪೆಂಡೆಂಟ್ ಹಿಡಿದು ಕೈಯಾರೆ ನಡೆಸುವ ಸ್ಥಿತಿಗೆ ಹಾಕಿ, ಗೇಟ್ ತೆಗೆದು, ತಾನೇ ರೋಬೋಟ್ ಓಡಿಸಿದ ಅಂತೀರಿ. ಟೀಚ್ ಮೋಡ್‌ನಲ್ಲಿ ತೋಳಿನ ತುದಿ ಸೆಕೆಂಡಿಗೆ 250 ಮಿಲಿಮೀಟರ್ ದಾಟುವಂತಿಲ್ಲ. ರೋಬೋಟ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 10218ರಲ್ಲಿ ಇರುವುದೂ ಅದೇ, ನೀವು ಕೊಟ್ಟ ಮ್ಯಾನುಯಲ್‌ನಲ್ಲಿ ಇರುವುದೂ ಅದೇ. ಆ ಲೆಕ್ಕದಲ್ಲಿ ಒಂದು ಮೀಟರ್ ಹೋಗಲು 4 ಸೆಕೆಂಡ್ ಬೇಕು. ಸಿಸಿಟಿವಿ ನೋಡಿ, ಹುಡುಗ ತಲೆ ಎತ್ತುವಷ್ಟರಲ್ಲಿ ತೋಳು ಅದಕ್ಕಿಂತ ಜಾಸ್ತಿ ದೂರ ಬಂದಿದೆ. ಇನ್ನೊಂದು ವಿಷಯ. ಟೀಚ್ ಮೋಡ್‌ನಲ್ಲಿ ಪೆಂಡೆಂಟ್ ಹಿಂಬದಿಯ ಸ್ವಿಚ್ಚನ್ನು ಅರ್ಧ ಒತ್ತಿ ಹಿಡಿದಿದ್ದರೆ ಮಾತ್ರ ರೋಬೋಟ್ ಕದಲುತ್ತದೆ. ಬಿಟ್ಟರೂ ನಿಲ್ಲುತ್ತದೆ, ಗಾಬರಿಯಲ್ಲಿ ಬಿಗಿಯಾಗಿ ಹಿಂಡಿದರೂ ನಿಲ್ಲುತ್ತದೆ. ಪೆಂಡೆಂಟ್ ಆಗ ಬೇಲಿಯ ಹೊರಗೆ, ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಅದೂ ವಿಡಿಯೋದಲ್ಲಿದೆ. ಹುಡುಗನ ತಲೆ ಮೇಲೆ ಗೂಬೆ ಕೂರಿಸುವ ಮೊದಲು ಇದನ್ನೆಲ್ಲ ನೋಡಬೇಕಿತ್ತು.

ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ 289ನೇ ಕಲಂ ಹಾಕಿದ್ದಾರೆ, ಯಂತ್ರದ ವಿಷಯದಲ್ಲಿ ನಿರ್ಲಕ್ಷ್ಯ. ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆರೋಪಿ ಜಾಗದಲ್ಲಿ ನನ್ನ ಹೆಸರಿದೆ. ಜೈಲು ನನಗೆ, ಪಾಸ್‌ವರ್ಡ್ ನಿಮಗೆ! ರೋಬೋಟ್ ನಡೆಸುವ ಕಂಟ್ರೋಲರ್‌ನ ಒಳ ಲಾಗ್ ತೆಗೆಯಲು ನಿಮ್ಮ ಸರ್ವೀಸ್ ಪಾಸ್‌ವರ್ಡೇ ಬೇಕು. ಕೇಳಿದರೆ 'ಹೆಡ್ ಆಫೀಸ್ ಅನುಮತಿ' ಅಂತ ಹಾರಿಕೆ ಉತ್ತರ. ಪೊಲೀಸರು ನೋಟಿಸ್ ಕೊಟ್ಟರೂ ಅದೇ ಉತ್ತರ. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಬಿಲ್ ಕಳಿಸುವಾಗ ಮಾತ್ರ ಯಾರ ಅನುಮತಿಯೂ ಬೇಕಾಗಿಲ್ಲ.

ನೀವು ಮಾಡಬೇಕಾದದ್ದು ಇಷ್ಟೇ. ನಿಮ್ಮ ಇಂಜಿನಿಯರ್ ತನಿಖಾಧಿಕಾರಿಯ ಎದುರೇ ಲಾಗ್ ತೆಗೆದು, ಅದರ ಹ್ಯಾಶ್ (ಫೈಲ್ ತಿದ್ದಿದರೆ ಬದಲಾಗುವ ಗುರುತಿನ ಸಂಖ್ಯೆ) ಬರೆದು, ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರ ಕೊಡಿಸಲಿ. ಆ ಸಂಜೆಯ ಅಪ್‌ಡೇಟ್‌ನಲ್ಲಿ ಏನು ಬದಲಾಯಿತು, ಯಾರು ಕಳಿಸಿದರು, ಗೇಟ್ ತೆಗೆದರೆ ರೋಬೋಟ್ ನಿಲ್ಲಿಸುವ ಇಂಟರ್‌ಲಾಕ್ ಮುಟ್ಟಿದ್ದೀರಾ ಇಲ್ಲವಾ ಅನ್ನುವುದು ಬರಹದಲ್ಲಿ ಬೇಕು. ಸುಮ್ನೆ ಫೋನಿನಲ್ಲಿ ಹೇಳಿದರೆ ಆಗುವುದಿಲ್ಲ. ಕೀಲುಗಳ ಕೋನ ಅಳೆಯುವ ಎನ್‌ಕೋಡರ್‌ನ ಬ್ಯಾಟರಿ ವೀಕ್ ಅಂತ ಹಿಂದಿನಿಂದಲೂ ಎಚ್ಚರಿಕೆ ಬರುತ್ತಿತ್ತು, ಬದಲಾಯಿಸುತ್ತೇವೆ ಎಂದವರು ನೀವೇ. ಪ್ಯಾನಲ್ ಆಫ್ ಇರುವಾಗ ಅದು ಪೂರ್ತಿ ಸತ್ತರೆ ರೋಬೋಟ್ ಕೋನಗಳನ್ನು ಎಣಿಸಲು ಶುರುಮಾಡುವ ತನ್ನ ಸೊನ್ನೆ ಜಾಗವನ್ನೇ ಮರೆತುಬಿಡುತ್ತದೆ. ಮಹಜರಿನಲ್ಲಿ ಬರೆದ ಆ ಆರು ಕೋನಗಳನ್ನು ಆಮೇಲೆ ಯಂತ್ರದ ಜೊತೆ ತಾಳೆ ನೋಡಲು ಆಗುವುದಿಲ್ಲ. ಅದಕ್ಕೆ ತಡ ಮಾಡಬೇಡಿ.

ಲಾಗ್ ಸಿಗುವವರೆಗೆ ಎಎಂಸಿ ಹಣ ತಡೆಹಿಡಿದಿದ್ದೇನೆ. ಈ ಪತ್ರದ ಪ್ರತಿಯನ್ನು ತನಿಖಾಧಿಕಾರಿಗೂ ಕೊಟ್ಟಿದ್ದೇನೆ.

ಇತಿ,
ಘಟಕದ ಮಾಲೀಕ