ನಮ್ಮ ಕನ್ನಡ ಆಡ್-ಇನ್ ವಿಷು ಕಳೆದ ಮೇಲೆ ಬದಲಾಗುತ್ತದೆ: ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ, ನಮಸ್ಕಾರ.

ನಿಮ್ಮ ವರ್ಡ್ ಮತ್ತು ಎಕ್ಸೆಲ್‌ನಲ್ಲಿ ನಾವು ಹಾಕಿಕೊಟ್ಟ ಕನ್ನಡ ಆಡ್-ಇನ್, ಅಂದರೆ ಅವುಗಳ ಜೊತೆ ಸೇರಿ ಕೆಲಸ ಮಾಡುವ ಚಿಕ್ಕ ಪ್ರೋಗ್ರಾಂ, ಈ ಸಲ ಏಪ್ರಿಲ್ ನಡುವಿನ ವಿಷು ಕಳೆದ ಮೇಲೆ ಹೊಸ ರೂಪದಲ್ಲಿ ಬರುತ್ತದೆ. ಮಾರ್ಚ್ 31ರ ಲೆಕ್ಕ ಮುಗಿಯುವ ತನಕ ಯಾರ ಕಂಪ್ಯೂಟರಿಗೂ ನಾವು ಕೈ ಹಾಕುವುದಿಲ್ಲ. ಸಹಕಾರಿ ಬ್ಯಾಂಕಿನವರಿಗೆ ಆ ದಿನಗಳು ಹೇಗಿರುತ್ತವೆ ಎಂದು ನಮಗೆ ಗೊತ್ತು. ಆಡ್-ಇನ್ ಮಾಡುವ ಕೆಲಸ ಮೊದಲಿನದೇ. ಹಳೆಯ ನುಡಿ ಫಾಂಟಿನ ಬರಹವನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಬಹುದಾದ ಯುನಿಕೋಡಿಗೆ ತರುತ್ತದೆ, ರಸೀದಿಯ ಮೊತ್ತವನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತದೆ. ವರ್ಷದ ಶುಲ್ಕವೂ ಅಷ್ಟೇ.

ಈಗ ನಿಮ್ಮಲ್ಲಿರುವುದು ಕಾಮ್ (COM) ಎಂಬ ಹಳೆಯ ಬಗೆಯ ಆಡ್-ಇನ್. ಅದು ವಿಂಡೋಸಿನಲ್ಲಿ ಮಾತ್ರ ಓಡುತ್ತದೆ. ಒಂದೊಂದು ಕಂಪ್ಯೂಟರಿಗೂ ಬೇರೆ ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು. ವರ್ಡ್, ಎಕ್ಸೆಲ್ ಇರುವ ಮೈಕ್ರೋಸಾಫ್ಟ್ ಆಫೀಸಿನಲ್ಲಿ 32 ಬಿಟ್, 64 ಬಿಟ್ ಎಂದು ಎರಡು ಬಗೆ; 32 ಬಿಟ್ ಆಫೀಸಿಗೆ ಮಾಡಿದ್ದು 64 ಬಿಟ್ ಆಫೀಸಿಗೆ ಆಗುವುದಿಲ್ಲ. ಒಂದು ಅಕ್ಷರದ ತಿದ್ದುಪಡಿ ಇದ್ದರೂ ಪೆರ್ಲದಿಂದ ಮಂಜೇಶ್ವರದ ತನಕ ಎಲ್ಲ ಕಚೇರಿಗಳಿಗೂ ಹೋಗಬೇಕು, ಅಲ್ಲಿಯವರೆಗೆ ನೀವು ಕಾಯಬೇಕು. ಮೈಕ್ರೋಸಾಫ್ಟ್ ಕೂಡ ಈ ದಾರಿ ಬಿಡುತ್ತಾ ಬಂದಿದೆ. ವಿಂಡೋಸಿನ ಹೊಸ ಔಟ್‌ಲುಕ್ ಎಂಬ ಇಮೇಲ್ ಪ್ರೋಗ್ರಾಂನಲ್ಲಿ ಕಾಮ್ ಆಡ್-ಇನ್ ನಡೆಯುವುದೇ ಇಲ್ಲ. ವರ್ಡ್, ಎಕ್ಸೆಲ್‌ನಲ್ಲಿ ಇವತ್ತಿಗೂ ನಡೆಯುತ್ತದೆ. ಆದರೂ ಅಲ್ಲಿ ನಿಲ್ಲುವ ತನಕ ಕಾದು ಕೂರುವುದು ನಿಮಗೂ ನಮಗೂ ಒಳ್ಳೆಯದಲ್ಲ.

ಹೊಸದು ವೆಬ್ ಆಡ್-ಇನ್. ವೆಬ್‌ಸೈಟ್ ಮಾಡುವ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್‌ನಲ್ಲೇ ಇದನ್ನೂ ಬರೆಯುತ್ತಾರೆ. ನಿಮ್ಮ ಆಫೀಸಿಗೆ ನಾವು ಕೊಡುವುದು ಮ್ಯಾನಿಫೆಸ್ಟ್ ಎಂಬ ಒಂದು ಚಿಕ್ಕ ಫೈಲ್ ಮಾತ್ರ. ಆಡ್-ಇನ್‌ನ ಹೆಸರೇನು, ಬಟನ್ ಎಲ್ಲಿರಬೇಕು, ಪುಟ ಯಾವ ವಿಳಾಸದಿಂದ ಬರಬೇಕು, ಯಾವ ಅನುಮತಿ ಬೇಕು ಎಂಬುದು ಅದರಲ್ಲಿರುತ್ತದೆ. ಉಳಿದದ್ದೆಲ್ಲ ನಮ್ಮ ಸರ್ವರಿನಿಂದ ಬರುತ್ತದೆ. ಹಾಗಾಗಿ ಮ್ಯಾಕ್‌ನಲ್ಲೂ ಬ್ರೌಸರಿನಲ್ಲಿ ತೆರೆಯುವ ವರ್ಡ್‌ನಲ್ಲೂ ಇದು ಕೆಲಸ ಮಾಡುತ್ತದೆ. ಕನ್ನಡ ಮಾಧ್ಯಮದ ಅಧ್ಯಾಪಕರಿಗೆ ಇದರಿಂದ ಜಾಸ್ತಿ ಉಪಯೋಗ. ಕೇರಳದ ಶಾಲೆಗಳಲ್ಲಿ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್ ಕೊಟ್ಟ, ವಿಂಡೋಸಿನ ಬದಲು ಓಡುವ ಉಬುಂಟು ಇರುತ್ತದೆ, ಅಲ್ಲಿ ನಮ್ಮ ಹಳೆಯ ಆಡ್-ಇನ್ ಹಾಕುವ ದಾರಿಯೇ ಇರಲಿಲ್ಲ. ಈಗ ಬ್ರೌಸರಿನ ವರ್ಡ್‌ಗೆ ಮ್ಯಾನಿಫೆಸ್ಟ್ ಅಪ್‌ಲೋಡ್ ಮಾಡಿದರೆ ಸಾಕು. ಹೀಗೆ ಹಾಕಿದ್ದು ಆ ಬ್ರೌಸರಿನ ಒಳಗೇ ಉಳಿಯುತ್ತದೆ. ಬ್ರೌಸರ್ ಉಳಿಸಿಟ್ಟ ಮಾಹಿತಿ (ಕ್ಯಾಶ್) ಅಳಿಸಿದರೆ ಅಥವಾ ಬೇರೆ ಬ್ರೌಸರಿಗೆ ಹೋದರೆ ಇನ್ನೊಮ್ಮೆ ಅಪ್‌ಲೋಡ್ ಮಾಡಿ.

"ಹಾಗಾದರೆ ನಮ್ಮ ಸದಸ್ಯರ ಪಟ್ಟಿ ನಿಮ್ಮ ಸರ್ವರಿಗೆ ಬರುತ್ತದಾ?" ಎಂದು ಕೇಳಿದವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಉತ್ತರ: ಇಲ್ಲ. ನಮ್ಮ ಸರ್ವರಿನಿಂದ ನಿಮ್ಮ ಕಡೆಗೆ ಪ್ರೋಗ್ರಾಂ ಬರುತ್ತದೆ. ಅಕ್ಷರ ಬದಲಿಸುವ ಕೆಲಸ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಡಾಕ್ಯುಮೆಂಟ್ ಓದಿ ಬರೆಯುವ ಅನುಮತಿಯನ್ನು ಮ್ಯಾನಿಫೆಸ್ಟ್ ಕೇಳುತ್ತದೆ, ಅದಿಲ್ಲದೆ ಒಂದಕ್ಷರವನ್ನೂ ಬದಲಿಸಲು ಆಗದು. ನಿಮ್ಮ ಬರಹವನ್ನು ಹೊರಗೆ ಕಳಿಸುವ ಸಾಲು ಪ್ರೋಗ್ರಾಂನಲ್ಲಿ ಇಲ್ಲ. ನಿಮ್ಮ ಕಂಪ್ಯೂಟರ್ ನೋಡಿಕೊಳ್ಳುವವರು ಅದನ್ನು ತೆರೆದು ನೋಡುವುದಾದರೆ ನಾವು ಜೊತೆಗೆ ಕೂತು ತೋರಿಸುತ್ತೇವೆ.

ಅಕ್ಷರ ಬದಲಿಸುವ ಭಾಗವನ್ನು ಹೊಸದಾಗಿ ಬರೆಯುವಾಗ ನಾವು ಹೆಚ್ಚು ಹೊತ್ತು ಕೊಟ್ಟದ್ದು ನಮ್ಮ ಗಡಿನಾಡು ಕಾಸರಗೋಡಿನ ಕಡತಗಳಿಗೆ. ಹಳೆಯ ನುಡಿ ಫಾಂಟಿನಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಏನೇನೋ ಕಾಣುತ್ತದೆ. ಯುನಿಕೋಡಿನಲ್ಲಿ ಕನ್ನಡಕ್ಕೆ ಅದರದ್ದೇ ಜಾಗ ಇದೆ. ಬದಲಿಸುವುದೆಂದರೆ ಸುಮ್ನೆ ಒಂದನ್ನು ತೆಗೆದು ಇನ್ನೊಂದನ್ನು ಇಡುವುದಲ್ಲ. "ಕಾರ್ಯದರ್ಶಿ" ಎಂಬ ಪದವನ್ನೇ ನೋಡಿ. ನುಡಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಆಮೇಲೆ ಬರುತ್ತದೆ, ಯುನಿಕೋಡಿನಲ್ಲಿ ರ್ ಮೊದಲು ಬರಬೇಕು. ಆ ಕ್ರಮ ತಿರುಗಿಸದಿದ್ದರೆ ಪದ ಕೆಡುತ್ತದೆ, ಹುಡುಕಿದರೂ ಸಿಗುವುದಿಲ್ಲ. ನಮ್ಮ ಕಡತಗಳಲ್ಲಿ ಇನ್ನೊಂದು ತೊಡಕಿದೆ. ಒಂದೇ ನೋಟೀಸಿನಲ್ಲಿ ಮೇಲೆ ಮಲಯಾಳ, ಕೆಳಗೆ ಕನ್ನಡ ಇರುತ್ತದಲ್ವಾ? ಮಲಯಾಳ ಭಾಗ ಎಂಎಲ್-ಟಿಟಿ ಕಾರ್ತಿಕದಂಥ ಹಳೆಯ ಫಾಂಟಿನಲ್ಲಿರುತ್ತದೆ, ಅದೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ. ಅದಕ್ಕೆ ಹೊಸ ಆಡ್-ಇನ್ ಪ್ರತಿ ತುಂಡಿನ ಫಾಂಟ್ ಹೆಸರು ನೋಡುತ್ತದೆ, ನುಡಿ ಇದ್ದಲ್ಲಿ ಮಾತ್ರ ಬದಲಿಸುತ್ತದೆ. ಮಲಯಾಳ, ಇಂಗ್ಲಿಷ್ ಎರಡನ್ನೂ ಮುಟ್ಟುವುದಿಲ್ಲ. ಬದಲಾದ ಕನ್ನಡ ನಿರ್ಮಲಾ ಯುಐ ಫಾಂಟಿನಲ್ಲಿ ಕಾಣುತ್ತದೆ. ಏನೇ ಇರಲಿ, ಹಳೆಯ ಫೈಲಿನ ಒಂದು ಪ್ರತಿ ತೆಗೆದಿಟ್ಟೇ ಶುರು ಮಾಡಿ.

ಎಕ್ಸೆಲ್ ಬಳಸುವವರು ಇಲ್ಲಿ ಗಮನ ಕೊಡಿ. ಮೊತ್ತವನ್ನು ಅಕ್ಷರಕ್ಕೆ ತರುವ ಫಾರ್ಮುಲಾದ ಹೆಸರಿನ ಮುಂದೆ ಇನ್ನು ನಮ್ಮ ಆಡ್-ಇನ್‌ನ ಚಿಕ್ಕ ಹೆಸರು ಮತ್ತು ಒಂದು ಚುಕ್ಕಿ ಬರುತ್ತದೆ. ವೆಬ್ ಆಡ್-ಇನ್‌ಗಳಿಗೆ ಎಕ್ಸೆಲ್ ಇಟ್ಟಿರುವ ಕ್ರಮ ಅದು. ಹಳೆಯ ಶೀಟುಗಳಲ್ಲಿ ಕಂಟ್ರೋಲ್ ಎಚ್ ಒತ್ತಿ ಒಟ್ಟಿಗೆ ಬದಲಿಸಬಹುದು. ಆಡ್-ಇನ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಶೀಟ್ ಮತ್ತೆ ಲೆಕ್ಕ ಹಾಕಿದರೆ ಮೊತ್ತದ ಬದಲು ತಪ್ಪಿನ ಗುರುತು ಬರುತ್ತದೆ. ಆದ್ದರಿಂದ ಆಡಿಟರಿಗೆ ಕಳಿಸುವ ಶೀಟಿನಲ್ಲಿ ಆ ಕಾಲಂ ಕಾಪಿ ಮಾಡಿ, ಫಾರ್ಮುಲಾ ಬಿಟ್ಟು ಬರಹ ಮಾತ್ರ ಉಳಿಯುವಂತೆ ಪೇಸ್ಟ್ ವ್ಯಾಲ್ಯೂಸ್ ಕೊಟ್ಟು ಉಳಿಸಿ. ಈ ಫಾರ್ಮುಲಾ ಐಪ್ಯಾಡ್‌ನಲ್ಲಿ ಕೆಲಸ ಮಾಡುವುದಿಲ್ಲ.

ಹೊಸದಕ್ಕೆ ಇಂಟರ್ನೆಟ್ ಬೇಕು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನಮ್ಮಲ್ಲಿ ಕರೆಂಟೂ ನೆಟ್ಟೂ ಹೋಗುತ್ತದೆ, ಅದನ್ನು ಮರೆಮಾಚುವುದಿಲ್ಲ. ಕೌಂಟರಿನಲ್ಲಿ ರಸೀದಿ ಮಾಡುವ ಕಂಪ್ಯೂಟರಿನಿಂದ ಹಳೆಯ ಆಡ್-ಇನ್ ತೆಗೆಯಬೇಡಿ ಎಂದೇ ನಮ್ಮ ಸಲಹೆ. ಅದಕ್ಕೆ ಹೊಸ ಸೌಲಭ್ಯ ಸೇರಿಸುವುದಿಲ್ಲ, ಕೆಟ್ಟರೆ ಸರಿಮಾಡಿಕೊಡುತ್ತೇವೆ. ಇನ್ನು ಸರ್ವರಿನಲ್ಲಿ ನಾವು ಏನು ಬದಲಿಸಿದರೂ ಅದು ಎಲ್ಲರಿಗೂ ಒಟ್ಟಿಗೆ ತಲುಪುತ್ತದೆ. ಹಾಗಾಗಿ ಮೊದಲೇ ವಾಟ್ಸಾಪಿನಲ್ಲಿ ತಿಳಿಸಿಯೇ ಬದಲಿಸುತ್ತೇವೆ, ಮಾರ್ಚ್ ಕೊನೆಯಲ್ಲಿ ಏನನ್ನೂ ಬದಲಿಸುವುದಿಲ್ಲ.

ಹೊಸ ಆಡ್-ಇನ್‌ಗೆ ಮೈಕ್ರೋಸಾಫ್ಟ್ 365 (ಚಂದಾ ಕಟ್ಟಿ ಬಳಸುವ ಆಫೀಸ್) ಅಥವಾ ಆಫೀಸ್ 2021, ಇಲ್ಲವೇ ಅದಕ್ಕಿಂತ ಹೊಸದು ಬೇಕಾಗುತ್ತದೆ. ಆಫೀಸ್ 2016 ಮತ್ತು 2019ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 2021ಕ್ಕೂ 2026ರ ಅಕ್ಟೋಬರ್ 13ರ ತನಕ ಮಾತ್ರ. ಈಗ ದುಡ್ಡು ಹಾಕಿ ಕೊಳ್ಳುವವರು 2021 ಅನ್ನು ಕೊಳ್ಳಬೇಡಿ.

ಕಚೇರಿಗೆ 365 ಖಾತೆ ಇದ್ದರೆ ಆ ಖಾತೆ ನೋಡಿಕೊಳ್ಳುವ ಅಡ್ಮಿನ್ ಸೆಂಟರ್ ಪುಟದ ಇಂಟಿಗ್ರೇಟೆಡ್ ಆಪ್ಸ್‌ನಲ್ಲಿ ಒಮ್ಮೆ ಮ್ಯಾನಿಫೆಸ್ಟ್ ಹಾಕಿದರೆ ಎಲ್ಲ ಸಿಬ್ಬಂದಿಗೂ ಹೋಗುತ್ತದೆ. ಕಾಣಲು 24 ಗಂಟೆಯವರೆಗೂ ಹಿಡಿಯಬಹುದು, ಕೂಡಲೇ ಬರಲಿಲ್ಲವೆಂದು ಮತ್ತೆ ಮತ್ತೆ ಹಾಕಬೇಡಿ. ಖಾತೆ ಇಲ್ಲದ ಕಚೇರಿಗಳಿಗೆ ನಾವೇ ಬಂದು ಹಾಕಿಕೊಡುತ್ತೇವೆ, ಅದಕ್ಕೆ ಬೇರೆ ಹಣ ಇಲ್ಲ. ನಿಮ್ಮಲ್ಲಿರುವುದು ಯಾವ ಆಫೀಸ್ ಎಂದು ತಿಳಿಯಲು ವರ್ಡ್‌ನಲ್ಲಿ ಫೈಲ್, ಆಮೇಲೆ ಅಕೌಂಟ್ ಒತ್ತಿ. ಆ ಪುಟದ ಫೋಟೋ ತೆಗೆದು ಮಾರ್ಚ್ ಒಳಗೆ ನಮಗೆ ಕಳಿಸಿ. ಅದನ್ನು ನೋಡಿ ಯಾವ ಕಚೇರಿಗೆ ಯಾವ ದಿನ ಬರುವುದೆಂದು ಫೋನ್ ಮಾಡಿ ತಿಳಿಸುತ್ತೇವೆ.

ಇತಿ,
ಬದಿಯಡ್ಕ ಕಚೇರಿಯ ನಿಮ್ಮ ಸಾಫ್ಟ್‌ವೇರ್ ಬಳಗ