ಮೊದಲ ಪ್ರತಿ ಅವರಿಗೆ

ಬೀದರ್

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಕಳುಹಿಸಿದ ಹನ್ನೆರಡು ಫೋಟೊಗಳು ತಲುಪಿದವು. ಅವುಗಳನ್ನು ಮಾರಿ ಬಂದ ಹಣದಲ್ಲಿ ಬಿದರಿ ಕೆಲಸಗಾರರಿಗೆ ಕಣ್ಣಿನ ತಪಾಸಣೆ ಮಾಡಿಸಿ ಕನ್ನಡಕ ಕೊಡಿಸುತ್ತೇನೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ನಿನ್ನ ಅವ್ವನಿಗೆ ಎರಡು ಸಲ ಓದಿ ಹೇಳಿದೆ. ಕೊರೆದ ಗೆರೆಯೊಳಗೆ ಎಳೆಯಂಥ ಬೆಳ್ಳಿ ತಂತಿ ಕೂರಿಸುವವರಿಗೆ ಕಣ್ಣು ಮಂಜಾದರೆ ಕೈಯೇ ಹೋದಂತೆ. ಸರಿಯಾದುದನ್ನೇ ಹಿಡಿದಿದ್ದೀಯ.

ಆ ಹಿರಿಯರ ಕೈಗಳ ಫೋಟೊವನ್ನು ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ಬಲಗೈ ಹೆಬ್ಬೆರಳಿನ ಉಗುರು ಸೀಳಿದೆ, ಸೀಳಿನಲ್ಲಿ ಕೋಟೆಯ ಮಣ್ಣು ಕೂತಿದೆ. ಅದೇ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿ ಹೂಜಿಯನ್ನು ಅದ್ದಿದಾಗ ಸತುವಿನ ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ನಮ್ಮ ಸ್ಟುಡಿಯೊದ ಕತ್ತಲಕೋಣೆಯಲ್ಲಿ ಇದರ ತದ್ವಿರುದ್ಧ. ಅಲ್ಲಿ ಕಪ್ಪಾಗುತ್ತಿದ್ದುದು ಬೆಳ್ಳಿಯೇ. ಡೆವಲಪರ್ ತಟ್ಟೆಯಲ್ಲಿ ಬಿಳಿಯ ಕಾಗದದಿಂದ ಮುಖವೊಂದು ಮೆಲ್ಲಗೆ ಮೂಡುವುದನ್ನು ನೀನು ಸ್ಟೂಲಿನ ಮೇಲೆ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

ಏಳನೆಯ ಫೋಟೊ ಮಾತ್ರ ಬೇಡ ಅನ್ನಿಸಿತು. ಓಣಿಯ ಬಾಗಿಲಲ್ಲಿ ಖಾಲಿ ತಟ್ಟೆ ಹಿಡಿದು ನಿಂತ ಆ ಹುಡುಗನದು.

1972ರ ಬರದಲ್ಲಿ ನನಗೆ ಎಂಟು ವರ್ಷ. ಗಂಜಿ ಕೇಂದ್ರದ ಸಾಲಿನಲ್ಲಿದ್ದೆ. ತಟ್ಟೆ ಚಾಚುವ ಹೊತ್ತಿಗೆ ಸರಿಯಾಗಿ ಯಾರೋ ಒಬ್ಬರು ಫೋಟೊ ತೆಗೆದರು. ಸರಿ ಬರಲಿಲ್ಲವೇನೋ, "ಇನ್ನೊಮ್ಮೆ ಚಾಚು" ಎಂದರು. ಚಾಚಿದೆ. ಗಂಜಿಯ ರುಚಿ ನೆನಪಿಲ್ಲ, ಎರಡನೆಯ ಸಲ ಕೈ ಚಾಚಿದ್ದು ಇವತ್ತಿಗೂ ಮರೆತಿಲ್ಲ. ಇದನ್ನು ನಿನಗೆ ಎಂದೂ ಹೇಳಿರಲಿಲ್ಲ.

ಹಸಿವಿನ ಚಿತ್ರವನ್ನೇ ತೆಗೆಯಬಾರದು ಎನ್ನುತ್ತಿಲ್ಲ. 1943ರ ಬಂಗಾಳದ ಕ್ಷಾಮವನ್ನು ಸುನಿಲ್ ಜಾನಾ ಫೋಟೊ ತೆಗೆದು ತೋರಿಸದಿದ್ದರೆ ಎಷ್ಟೋ ಜನರಿಗೆ ಅದು ಬರೀ ಸುದ್ದಿಯಾಗಿ ಉಳಿಯುತ್ತಿತ್ತು. ಆದರೆ ಈ ಹುಡುಗನ ತಟ್ಟೆಗೂ ನಿನ್ನ ಕನ್ನಡಕಗಳಿಗೂ ಏನು ಸಂಬಂಧ? ಕೊಳ್ಳುವವರ ಕರುಳು ಚುರುಕ್ ಎನ್ನಲಿ ಎಂದು ಸೇರಿಸಿದ್ದೀಯ. ತೆಗೆದುಬಿಡು ನಮ್ಮವ್ವಾ.

ಇನ್ನೊಂದು ಮಾತು. ಮಾರುವ ಮೊದಲು ಪ್ರತಿಯೊಬ್ಬರಿಗೂ ಅವರವರ ಫೋಟೊ ಮುಟ್ಟಿಸು. ಹೆಸರು ಹಾಕಲೇ ಎಂದು ಕೇಳು, ಒಪ್ಪಿದರೆ ದೊಡ್ಡ ಅಕ್ಷರದಲ್ಲಿ ಹಾಕು. ಎಷ್ಟು ಹಣ ಬಂತು, ಎಷ್ಟು ಕನ್ನಡಕಕ್ಕೆ ಹೋಯಿತು ಎಂಬ ಲೆಕ್ಕವನ್ನು ಅವರ ಓಣಿಯಲ್ಲೇ ಕುಳಿತು ಓದಿ ಹೇಳು. ಪ್ರದರ್ಶನಕ್ಕೆ ಬರುವ ದೊಡ್ಡವರಿಗೆ ಹೇಳುವುದು ಆಮೇಲಾಯಿತು.

ಕಟ್ಟು ಹಾಕಿಸುವ ಖರ್ಚು ನನ್ನದು. ಆ ಹಿರಿಯರ ಪ್ರತಿಗೆ ಆಗಲೇ ಕಟ್ಟು ಹಾಕಿಸಿದ್ದೇನೆ. ಭಾನುವಾರ ಚೌಬಾರದ ಕಡೆ ಹೋಗಿ ಕೊಟ್ಟು ಬರುತ್ತೇನೆ. ಅಷ್ಟರೊಳಗೆ ಏಳನೆಯದರ ಜಾಗಕ್ಕೆ ಬೇರೊಂದನ್ನು ಆರಿಸಿ ಕಳುಹಿಸು.

ನಿನ್ನ ಅಪ್ಪ