ಅಕ್ಕನಿಗೆ, ಜೊತೆಗಿದ್ದ ಎಲ್ಲರಿಗೂ

ಕೆಲಸ ಮುಗಿಯಿತು. ಓಂಟಾಲಜಿ, ಅಂದರೆ ಯಾವುದು ಏನು, ಯಾವುದಕ್ಕೆ ಯಾವುದರ ಸಂಬಂಧ ಎಂದು ಕಂಪ್ಯೂಟರಿಗೆ ತಿಳಿಯುವಂತೆ ಬರೆದಿಟ್ಟ ನಿಯಮಗಳನ್ನು ಓದಿ ತಾನೇ ಕನ್ನಡ ವಾಕ್ಯ ಬರೆಯುವ ಪ್ರೋಗ್ರಾಂ ನಿನ್ನೆ ಒಪ್ಪಿಗೆ ಆಯಿತು. ಇದರ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ.

ದಾರಿ ತೋರಿಸಿದ ಮೇಡಂಗೆ, ಕೋಡ್ ತಿದ್ದಿಕೊಟ್ಟ ಗೆಳೆಯರಿಗೆ, ಓಂಟಾಲಜಿ ಬರೆಯುವ ಭಾಷೆಯಾದ 2004ರ ಔಲ್‌ನಿಂದ ಓಂಟಾಲಜಿಗೆ ಪದಗಳನ್ನು ಜೋಡಿಸುವ 2016ರ ಓಂಟೋಲೆಕ್ಸ್‌ವರೆಗೆ ಎಲ್ಲವನ್ನೂ ಯಾರು ಬೇಕಾದರೂ ಬಳಸಲಿ ಎಂದು ತೆರೆದಿಟ್ಟವರಿಗೆ ಮನಸಾರೆ ಥ್ಯಾಂಕ್ಸ್.

ಉಳಿದ ಮಾತೆಲ್ಲ ಅಕ್ಕನಿಗೆ.

ಮೊದಲ ಸಲ ತೋರಿಸಬೇಕಿದ್ದ ಹಿಂದಿನ ರಾತ್ರಿ. ಓಂಟಾಲಜಿಯ ಪ್ರತಿ ಹೆಸರಿಗೂ ಕನ್ನಡದ ಲೇಬಲ್ ಕೊಟ್ಟಿದ್ದೆ, ಅಷ್ಟು ಸಾಕು ಅಂದುಕೊಂಡಿದ್ದೆ. ಅಕ್ಕನಿಗೆ ಓಂಟಾಲಜಿಯ ಗಂಧಗಾಳಿಯೂ ಇಲ್ಲ. ಪ್ರೋಗ್ರಾಂ ಬರೆದ ವಾಕ್ಯಗಳ ಪ್ರಿಂಟ್ ಹಾಳೆ ತೆಗೆದುಕೊಂಡು ಜೋರಾಗಿ ಓದಿದಳು: "ಹಕ್ಕಿ ರೆಕ್ಕೆಯನ್ನು ಹೊಂದಿದೆ." ನಿಲ್ಲಿಸಿದಳು. "ಹೀಗೆ ಯಾರು ಮಾತಾಡ್ತಾರೆ? ಹಕ್ಕಿಗೆ ರೆಕ್ಕೆ ಇದೆ, ಅಲ್ವಾ?"

ಆ ಒಂದು 'ಗೆ' ಸಾಕಾಯಿತು. ಹಕ್ಕಿಗೆ, ಮರಕ್ಕೆ, ಮೀನಿಗೆ, ಹಸುವಿಗೆ. ಒಂದೊಂದು ಪದ ಒಂದೊಂದು ಥರ ತಿರುಗುತ್ತದೆ, ಬರೀ ಲೇಬಲ್‌ನಲ್ಲಿ ಅದು ಇರುವುದಿಲ್ಲ. ಪದದ ರೂಪಗಳನ್ನು ಇಡಲು ಓಂಟೋಲೆಕ್ಸ್‌ನಲ್ಲಿ ಜಾಗ ಇದೆ, ಆದರೆ ತುಂಬಬೇಕಾದವಳು ನಾನು. ಅಕ್ಕ ಗುಂಪು ಮಾಡಿ ಹೇಳುತ್ತಾ ಹೋದಳು, ನಾನು ಟೈಪ್ ಮಾಡಿದೆ.

ನಡುರಾತ್ರಿ ದಾಟಿದ ಮೇಲೆ ಅತ್ತುಬಿಟ್ಟೆ. ಕನ್ನಡದಲ್ಲಿ ಇದು ಆಗಲ್ಲ ಅಂತ ಬರೆದುಕೊಡ್ತೀನಿ ಅಂದೆ. ನನ್ನ ಭಾಷೆಯ ಬಗ್ಗೆ ನಾನೇ ಆ ಮಾತು ಆಡಿದ್ದು ಈಗಲೂ ಚುಚ್ಚುತ್ತದೆ. ಅಕ್ಕ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸುಮ್ನೆ ಮುಂದಿನ ಸಾಲು ಓದಿದಳು.

"ಸಸ್ಯಾಹಾರಿ ಪ್ರಾಣಿ ಏನಾದರೂ ತಿಂದರೆ ಗಿಡವನ್ನಷ್ಟೇ ತಿನ್ನುತ್ತದೆ." ಆಮೇಲೆ ಕೇಳಿದಳು, "ತಿಂದರೆ ಅಂದ್ರೆ? ಏನೂ ತಿನ್ನದೇ ಇರೋದೂ ಸಸ್ಯಾಹಾರಿನಾ?"

ನಾನು ಬರೆದ ನಿಯಮದ ಪ್ರಕಾರ, ಹೌದು. 'ಗಿಡ ಮಾತ್ರ' ಎಂದು ಬರೆದಿದ್ದೆ, 'ಒಂದನ್ನಾದರೂ ತಿನ್ನುತ್ತದೆ' ಎಂಬುದನ್ನು ಬಿಟ್ಟಿದ್ದೆ. ಔಲ್‌ನಲ್ಲಿ ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಬರುವುದಿಲ್ಲ. ನಿಯಮಗಳಲ್ಲಿ ವಿರೋಧ ಇದೆಯೇ ಎಂದು ನೋಡುವ ಪ್ರೋಗ್ರಾಂ ಆದ ರೀಸನರ್‌ಗೆ ಅಲ್ಲಿ ವಿರೋಧ ಕಾಣಲಿಲ್ಲ, ಹಾಗಾಗಿ ಅದು ಏನೂ ಹೇಳಿರಲಿಲ್ಲ. ಎಷ್ಟೋ ತಿಂಗಳಿಂದ ಅಡಗಿದ್ದ ತಪ್ಪು, ಕನ್ನಡ ವಾಕ್ಯವಾಗಿ ಅಕ್ಕನ ಕಿವಿಗೆ ಬಿದ್ದಾಗ ಸಿಕ್ಕಿತು. ನನ್ನ ಅಳು ಅಲ್ಲೇ ನಿಂತಿತು. ಬೆಳಗಿನ ಜಾವದವರೆಗೆ ಇಬ್ಬರೂ ಓದಿದೆವು.

ಅಕ್ಕಾ, ನೀನು ಗೆರೆ ಎಳೆದ ಹಾಳೆಗಳನ್ನು ಜೋಪಾನವಾಗಿ ಇಟ್ಟಿದ್ದೇನೆ. ಕೊನೆಯದರ ಅಂಚಿನಲ್ಲಿ 'ಹಸುಗೆನಾ, ಹಸುವಿಗೆನಾ?' ಅಂತ ಬರೆದಿದ್ದೀಯ. ಬರಹಕ್ಕೆ 'ಹಸುವಿಗೆ' ಇಟ್ಟೆ. ನೀನು ಮಾತಾಡುವಾಗ ಹೇಳುವ 'ಹಸುಗೆ'ಯೂ ಅದರ ಪಕ್ಕದಲ್ಲೇ ಇದೆ.